ಹಳೆಯ ವಾಹನದ ಜೀರ್ಣೋದ್ಧಾರ

ಅಮೆರಿಕದ ಜನರು ೧೯೬೦ರ ದಶಕದ ತಮ್ಮ ಭಾರಿ ಎಂಜಿನ್ನಿನ ಕಾರುಗಳನ್ನು ಎಷ್ಟು ಅಕ್ಕರೆಯಿಂದ ಕಾಪಾಡುವರೋ ಅಷ್ಟೇ ಅಕ್ಕರೆಯಿಂದ ಕರ್ನಾಟಕದ ಅನೇಕರು ಮೈಸೂರಿನ ಜಾವಾ ಮೋಟಾರು ಸೈಕಲ್ಲನ್ನು ಕಾಪಾಡುತ್ತಾರೆ. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಾರ್ಖಾನೆಯು ೧೯೬೦ರ ದಶಕದ ಆರಂಭದಲ್ಲಿ ಅದನ್ನು ತಯಾರಿಸತೊಡಗಿತು. ಮುಂದೆ ಅದಕ್ಕೆ ಯೆಜ್ದಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ ಹೆಸರು ಮರಳಿ ಬಂದಿತಾದರೂ ಹೊಸ ವಾಹನದ ಎಂಜಿನ್ನೇ ಬೇರೆ. ಅದರ ಭಾಗಗಳು ಹಳೆಯದಕ್ಕೆ ಒಗ್ಗವು.

ಉಣಕಲ್ಲಿನ ಯುವಕನೊಬ್ಬನಿಗೆ ಅಜ್ಜನ ಕಾಲದ ಇಂಥ ಜಾವಾ ದೊರೆಯಿತೆನ್ನೋಣ. ಕೈಯಲ್ಲಿರುವ ಹಣ ಅಲ್ಪ. ಆತನು ಮೊದಲು ಮಾಡುವುದೇನು? ಬಹುಮಟ್ಟಿಗೆ ಬಣ್ಣ ಹೊಡೆಸುತ್ತಾನೆ, ಟ್ಯಾಂಕಿಗೆ ಕ್ರೋಮಿಯಂ ಲೇಪ ಹಾಕಿಸುತ್ತಾನೆ. ಹಣ ಅಲ್ಲಿಗೇ ತೀರುತ್ತದೆ. ಇದು ತಲೆಕೆಳಗಾದ ಕ್ರಮ.

ಜಾವಾದ್ದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲು, ಅದರಲ್ಲಿ ಬೆರೆಸಿದ ಎಣ್ಣೆ ಹಾಗೂ ಗಾಳಿ ಮೊದಲು ಕ್ರ್ಯಾಂಕ್ ಪೆಟ್ಟಿಗೆಯನ್ನು ಸೇರಿ, ಅಲ್ಲಿಂದ ಸಿಲಿಂಡರಿಗೆ ಏರುತ್ತವೆ. ಪೆಟ್ಟಿಗೆಯ ರಬ್ಬರು ಸೀಲುಗಳು ಹಳತಾಗಿ ಗಡುಸಾದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಪೆಟ್ರೋಲೂ ಎಣ್ಣೆಯೂ ಸಾಲದಾಗುತ್ತವೆ. ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ವೇಗವಾಗಿ ಓಡುವ ಗಾಡಿಯ ಹಿಂಚಕ್ರ ಒಮ್ಮೆಲೇ ಸ್ತಬ್ಧವಾದರೆ ಸವಾರನ ಗತಿಯೇನು? ಬಣ್ಣದ ವೆಚ್ಚದ ಚಿಕ್ಕ ಅಂಶದಲ್ಲಿಯೇ ಸೀಲುಗಳು ದೊರೆಯುತ್ತವೆ. ಬ್ರೇಕಿನ ಲೈನಿಂಗು, ಒಣಗಿದ ವೈರುಗಳು, ಬಿರುಕುಬಿಟ್ಟ ಟಾಯರು ಇವೂ ಮೊದಲ ಸಾಲಿಗೆ ಸೇರಿದವು. ಕಾರ್ಖಾನೆ ಮುಚ್ಚಿದರೇನಂತೆ? ಸವೆದ ಬುಶ್ಶನ್ನು ಅಳತೆಗೆ ಸರಿಯಾಗಿ ಕಡೆದುಕೊಡುವ ಲೇತ್ ಕುಶಲಿಗಳು ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸಿನಲ್ಲಿಯೇ ಇದ್ದಾರೆ.

ಹಾಗಾದರೆ ಮಾರ್ಪಾಡು ಸಲ್ಲದೇ? ಕೆಲವು ಸಲ್ಲುತ್ತವೆ. ೬ ವೋಲ್ಟಿನ ಮಂಕುದೀಪಕ್ಕೆ ಬದಲಾಗಿ ೧೨ ವೋಲ್ಟಿನ ವ್ಯವಸ್ಥೆ ಜೋಡಿಸಿದರೆ ರಾತ್ರಿ ದಾರಿ ಕಾಣುತ್ತದೆ. ಬೇಡವೆನಿಸಿದರೆ ಅದನ್ನು ಬಿಚ್ಚಲೂಬಹುದು. ಚಾಸಿ ಕತ್ತರಿಸುವುದು ಹಾಗಲ್ಲ. ಸೈಲೆನ್ಸರಿನ ಒಳಭಾಗ ಕಿತ್ತು ಊರೆಲ್ಲ ಮೊಳಗಿಸುವುದಂತೂ ಜೀರ್ಣೋದ್ಧಾರವೇ ಅಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದ ಚಾಲುಕ್ಯ ಶಿಲ್ಪಕ್ಕೆ ಎನಾಮಲ್ ಬಳಿದರೆ ಯಾರು ಮೆಚ್ಚುವರು?

ಕಾನೂನಿನ ನಿಲುವೂ ಇದೇ. ನೋಂದಣಿ ಪತ್ರದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವೂ ೨೦೧೯ರಲ್ಲಿ ಇದನ್ನು ಎತ್ತಿಹಿಡಿಯಿತು. ೫೦ ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಮನ್ನಣೆ ನೀಡುವ ನಿಯಮ ೨೦೨೧ರಲ್ಲಿ ಬಂದಿತು. ಚಾಸಿ, ಎಂಜಿನ್ನುಗಳು ಮೂಲರೂಪದಲ್ಲಿದ್ದರೆ ಮಾತ್ರ ಆ ಮನ್ನಣೆ. ಆದುದರಿಂದ ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಹೆಸರು ಬರೆದು ಕಟ್ಟಿಡಬೇಕು. ಬಣ್ಣದ ಸರದಿ ಎಲ್ಲಕ್ಕೂ ಕಡೆಯದು. ಅದಕ್ಕೆ ಹಣ ಕೂಡಲು ವರ್ಷವೊಂದು ಹಿಡಿದರೂ ಅಷ್ಟರಲ್ಲಿ ಗಾಡಿಯು ಧಾರವಾಡದ ದಾರಿಯಲ್ಲಿ ಓಡಾಡುತ್ತಲೇ ಇರುತ್ತದೆ.