ಗುಜರಿಗೆ ಹಾಕುವ ಮುನ್ನ

ವಿಂಡೋಸ್ 10ಕ್ಕೆ ಬೆಂಬಲ ನಿಂತಿತು, ಶಾಲೆಗಳ ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಿ ಎಂಬ ವಾದ ಒಪ್ಪುವಂಥದ್ದಲ್ಲ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಮೈಕ್ರೋಸಾಫ್ಟ್‌ನ ಉಚಿತ ಭದ್ರತಾ ಅಪ್‌ಡೇಟ್. ಯಂತ್ರದ ಆಯಸ್ಸು ಇನ್ನೂ ಇದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕೆನ್ನುತ್ತದೆ, ಆದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಗೆ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಸಾಕು. ಹಾರ್ಡ್‌ಡಿಸ್ಕ್ ಖಾಲಿಯಿದ್ದರೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಪರೀಕ್ಷಿಸಿ, ಆಮೇಲೆ ಇನ್‌ಸ್ಟಾಲ್ ಮಾಡಬಹುದು.

ಹಳ್ಳಿ ಶಾಲೆಗಳಿಗೆ ಲಿನಕ್ಸ್ ಒಗ್ಗದು ಎಂಬ ಮಾತೂ ನಿಲ್ಲುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲಿನಕ್ಸ್‌ನಲ್ಲೇ ಐಟಿ ಪಾಠ ಕಲಿಯುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳಿಗೇಕೆ ಆಗದು? ಲ್ಯಾಬ್‌ಗೆ ಬೀಗ ಬಿದ್ದರೆ ನಷ್ಟ ಬಡವರ ಮಕ್ಕಳಿಗೇ. ಗುಜರಿ ಟೆಂಡರ್‌ಗೆ ಮೊದಲು ತಾಲ್ಲೂಕಿನ ಶಿಕ್ಷಕರಿಗೆ ಲಿನಕ್ಸ್ ತರಬೇತಿ ಕೊಡಿ.