ಆಟದ ಜಾತ್ರೆಯಲ್ಲಿ ಸಾಲು ನಿಂತವರು

ಜಾತ್ರೆ ಎಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೇರು, ಬೆಂಡು ಬತ್ತಾಸು, ಬಳೆಯ ಅಂಗಡಿ, ತಿರುಗುವ ತೊಟ್ಟಿಲು ಇವಿಷ್ಟಿದ್ದರೆ ಜಾತ್ರೆಯಾಯಿತು. ಆದರೆ ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆ ನಿಂತ ನಮ್ಮ ಮಕ್ಕಳಿಗೆ ಜಾತ್ರೆಯ ಹೆಸರೇ ಬೇರೆ. ಜರ್ಮನಿಯ ಕಲೋನ್ ನಗರದ ‘ಗೇಮ್ಸ್‌ಕಾಮ್’, ಜಪಾನಿನ ‘ಟೋಕಿಯೋ ಗೇಮ್ ಶೋ’ ಎಂದು ಅವರು ಸಲೀಸಾಗಿ ಹೇಳುವುದನ್ನು ಕೇಳಿ ನಾವು ಕಣ್ಣುಕಣ್ಣು ಬಿಡುತ್ತೇವೆ. ವಿಡಿಯೋ ಗೇಮ್ ತಯಾರಿಸುವವರು ತಮ್ಮ ಹೊಸ ಸರಕನ್ನು ತಂದು ತೋರಿಸುವ ಜಾತ್ರೆಗಳಿವು. ಅಲ್ಲಿ ಆಟ ಮಾಡುವವನಿಗೂ ಆಡುವವನಿಗೂ ನಂಟು ಹೇಗೆ ಕೂಡುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಈ ಸಲ ನೋಡೋಣ.

ಈ ಜಾತ್ರೆಗಳಲ್ಲೆಲ್ಲ ಹೆಸರುವಾಸಿಯಾಗಿದ್ದುದು ಅಮೆರಿಕದ ‘ಇ-3’. 1995ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲಾಯಿತು. ಅದು ಬಹುಕಾಲ ವ್ಯಾಪಾರಿಗಳಿಗೂ ಪತ್ರಕರ್ತರಿಗೂ ಮೀಸಲು. ಆಟವಾಡುವ ಹುಡುಗ ಬಾಗಿಲ ಹೊರಗೆ. 2017ರಲ್ಲಿ ಸಾರ್ವಜನಿಕರಿಗೂ ಟಿಕೆಟು ಮಾರಿದರು. ಆ ಹೊತ್ತಿಗಾಗಲೇ ದೊಡ್ಡ ಕಂಪನಿಗಳು ತಮ್ಮ ಸುದ್ದಿಯನ್ನು ಇಂಟರ್ನೆಟ್ಟಿನಲ್ಲಿ ತಾವೇ ಬಿತ್ತರಿಸತೊಡಗಿದ್ದವು. ನಿಂಟೆಂಡೋ 2013ರಲ್ಲೇ ಅಲ್ಲಿನ ದೊಡ್ಡ ವೇದಿಕೆಯನ್ನು ಬಿಟ್ಟಿತ್ತು. 2019ರಲ್ಲಿ ಸೋನಿ ಅತ್ತ ಸುಳಿಯಲೇ ಇಲ್ಲ. ಮೇಲೆ ಕೋವಿಡ್ ಬಂದಿತು. ಕಡೆಗೆ 2023ರ ಡಿಸೆಂಬರಿನಲ್ಲಿ ‘ಇನ್ನು ಇ-3 ಇಲ್ಲ’ ಎಂದು ನಡೆಸುವವರೇ ಸಾರಿದರು. ಇತ್ತ ಕಲೋನಿನಲ್ಲಿ 2009ರಿಂದ ನಡೆದುಬಂದ ಜಾತ್ರೆಗೆ 2024ರಲ್ಲಿ ಮೂರು ಲಕ್ಷಕ್ಕೂ ಮೀರಿ ಜನ ಸೇರಿದರು. ಅಲ್ಲಿ ವ್ಯವಹಾರದವರಿಗೆ ಬೇರೆ ಸಭಾಂಗಣ, ಆಡುವವರಿಗೆ ಬೇರೆ. 1996ರಲ್ಲಿ ಹುಟ್ಟಿದ ಟೋಕಿಯೋ ಜಾತ್ರೆಯಲ್ಲಿ ಮೊದಲ ದಿನಗಳು ವ್ಯಾಪಾರಕ್ಕೆ, ಆಮೇಲಿನವು ಜನಕ್ಕೆ. ಜನರನ್ನು ಮೊದಲಿನಿಂದಲೂ ಒಳಗೆ ಕರೆದ ಜಾತ್ರೆಗಳು ಉಳಿದವು.

ಒಳಗೆ ಕರೆದರೆ ಸಾಲದು, ನಡೆಸಿಕೊಳ್ಳುವ ರೀತಿ ಇದೆಯಲ್ಲ! ಹೆಸರಾದ ಆಟವಾದರೆ ಹತ್ತಿಪ್ಪತ್ತು ನಿಮಿಷ ಆಡುವುದಕ್ಕೆ ಗಂಟೆಗಟ್ಟಲೆ ನಿಲ್ಲಬೇಕು. ನಾವು ಸರ್ಕಾರಿ ಕಚೇರಿಯ ಕಿಟಕಿಯ ಒಳಗಡೆ ಕುಳಿತವರು. ಸಾಲಿನ ಸ್ವಭಾವ ನಮಗೆ ಗೊತ್ತು. ಕಾಯುವುದಕ್ಕೆ ಜನ ಸಿಟ್ಟಾಗುವುದಿಲ್ಲ. ಎಷ್ಟು ಹೊತ್ತು ಎಂದು ಹೇಳದಿದ್ದರೆ, ಸರದಿ ಬಂದಾಗ ‘ಇವತ್ತು ಆಗಲಿಲ್ಲ’ ಎಂದರೆ ಸಿಟ್ಟಾಗುತ್ತಾರೆ. ಸಾಲಿನ ತುದಿಯಲ್ಲಿ ಕಾಯುವ ಹೊತ್ತಿನ ಫಲಕವಿಟ್ಟು, ಜಾಗ ತುಂಬಿದೊಡನೆ ಮುಂಚೆಯೇ ತಿಳಿಸುವ ಮಳಿಗೆ ಅರ್ಧ ಗೆದ್ದಂತೆ. ಉಳಿದರ್ಧ, ಆಟ ಮಾಡಿದವನೇ ಅಲ್ಲಿ ನಿಂತಿರುವುದು. ನಿಂತು ಭಾಷಣ ಮಾಡಬಾರದು. ಆಡುವವನ ಬೆರಳು ಎಲ್ಲಿ ತಡೆಯಿತು, ಮುಖ ಎಲ್ಲಿ ಅರಳಿತು ಎಂದು ನೋಡಿ ಬರೆದುಕೊಳ್ಳಬೇಕು. ಪುಕ್ಕಟೆ ಹಂಚುವ ಚೀಲ, ಬಿಲ್ಲೆಗಳು ಮನೆಗೆ ಹೋಗುವಷ್ಟರಲ್ಲಿ ಮೂಲೆ ಸೇರುತ್ತವೆ. ‘ನೀನು ಹೇಳಿದ್ದು ಸರಿ, ತಿದ್ದುತ್ತೇವೆ’ ಎಂಬ ಮಾತು ಉಳಿಯುತ್ತದೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ ಹಿರಿಯರು. ಇಂಗ್ಲೆಂಡಿನ ಗಿಲ್ಫರ್ಡ್ ಊರಿನ ‘ಹಲೋ ಗೇಮ್ಸ್’ ಬೆರಳೆಣಿಕೆಯ ಜನರಿದ್ದ ಪುಟ್ಟ ಸಂಸ್ಥೆ. ಅವರ ‘ನೋ ಮ್ಯಾನ್ಸ್ ಸ್ಕೈ’ 2014ರ ಇ-3ರಲ್ಲಿ ಸೋನಿಯವರ ವೇದಿಕೆಯೇರಿ ಲೋಕವನ್ನೇ ಬೆರಗುಗೊಳಿಸಿತು. ಮುಖ್ಯಸ್ಥ ಶಾನ್ ಮರೆ ಸಂದರ್ಶನಗಳಲ್ಲಿ ಆಸೆ ಹುಟ್ಟಿಸುತ್ತಲೇ ಹೋದರು. 2016ರಲ್ಲಿ ಆಟ ಹೊರಬಂದಾಗ, ಆಟಗಾರರು ಒಬ್ಬರನ್ನೊಬ್ಬರು ಕಾಣಬಹುದೆಂಬ ಮಾತೇ ಹುಸಿಯಾಯಿತು. ಇಬ್ಬರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರೂ ಪರಸ್ಪರ ಕಾಣಿಸಲಿಲ್ಲ! ಅಭಿಮಾನ ಹೋಗಿ ಬೈಗುಳದ ಮಳೆ ಸುರಿಯಿತು. ಆಗ ಅವರು ಮಾತು ಬಿಟ್ಟರು, ಕೆಲಸ ಹಿಡಿದರು. ಮತ್ತೆ ಕಾಸು ಕೇಳದೆ ಸುಧಾರಣೆಗಳನ್ನು ಕೊಡುತ್ತ ಹೋಗಿ, 2018ರಲ್ಲಿ ಕೂಡಿ ಆಡುವ ಸೌಕರ್ಯವನ್ನೂ ಒದಗಿಸಿದರು. 2019ರಲ್ಲಿ ಅಭಿಮಾನಿಗಳೇ ಚಂದಾ ಎತ್ತಿ ಅವರ ಕಚೇರಿಯ ಹತ್ತಿರ ಕೃತಜ್ಞತೆಯ ದೊಡ್ಡ ಫಲಕ ಹಾಕಿಸಿದರು. ವೇದಿಕೆಯ ಮೇಲೆ ಎರಡು ನಿಮಿಷದಲ್ಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ವರ್ಷಗಳೇ ಹಿಡಿದವು.

ಇದು ದೂರದ ಕಥೆಯೆಂದು ತಳ್ಳುವಂತಿಲ್ಲ. 2020ರಲ್ಲಿ ಹೊರಬಂದ ‘ರಾಜಿ’ ಎಂಬ ಆಟ ನಮ್ಮ ಪುಣೆಯಲ್ಲೇ ತಯಾರಾದದ್ದು. ನಮ್ಮ ದೇವಾನುದೇವತೆಗಳ ಕಥೆಯನ್ನು ಹೊರದೇಶದ ಹುಡುಗರೂ ಆಡಿದರು. ಭಾರತದ ಆಟ ತಯಾರಕರ ಸಮ್ಮೇಳನ 2024ರಲ್ಲಿ ಹೈದರಾಬಾದಿನಲ್ಲಿ ನೆರೆಯಿತು. ನಮ್ಮ ಸಂಘದ ಮನೆಗಳ ಹುಡುಗ ಹುಡುಗಿಯರೂ ಇಂಥ ಕೆಲಸ ಹಿಡಿಯುವ ಕಾಲ ಬಂದಿದೆ. ಅವರಿಗೆ ನಮ್ಮ ಮಾತು ಇಷ್ಟೇ: ಆದದ್ದನ್ನು ತೋರಿಸಿ, ಆಗದ್ದನ್ನು ಆಗಿಲ್ಲವೆನ್ನಿ. ಸಾಲಿನ ಕಡೆಯಲ್ಲಿ ನಿಂತ ಹುಡುಗನೂ ಅತಿಥಿಯೇ. ತಂದೆ ತಾಯಂದಿರಿಗೂ ಒಂದು ಮಾತು. ‘ಕೆಲಸವಿಲ್ಲದ ಆಟ’ ಎಂದು ಗದರುವ ಮೊದಲು ಮಗುವಿನೊಡನೆ ಅಂಥ ಮಳಿಗೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಅದು ಕೇಳುವ ಪ್ರಶ್ನೆ ಆಟ ಆಡುವುದರ ಬಗೆಗೋ, ಮಾಡುವುದರ ಬಗೆಗೋ ಎಂದು ಕಿವಿಗೊಟ್ಟು ಕೇಳಿ.