ಹಾಜರಿ, ಖರ್ಚು, ಕಲಿಕೆ: ಪಾಲಕರು ಅರಿಯಬೇಕಾದ ಮೂರು ಲೆಕ್ಕಗಳು

ಪ್ರತಿವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಪಾಲಕರ ಮುಂದೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಮಗುವನ್ನು ಯಾವ ಶಾಲೆಗೆ ಸೇರಿಸುವುದು? ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಜಿಲ್ಲೆಗಳಿಂದ ಕಾಯಕಕ್ಕಾಗಿ ಮಂಗಳೂರಿಗೆ ಬಂದು, ಕಾವೂರು, ಕೂಳೂರು, ಬೊಂದೇಲ್ ಭಾಗಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಈ ಪ್ರಶ್ನೆ ಇನ್ನಷ್ಟು ಭಾರವಾದುದು. ಶಾಲೆಯನ್ನು ಅಳೆಯುವಾಗ ನಾವು ಮೊದಲು ಶುಲ್ಕವನ್ನು ನೋಡುತ್ತೇವೆ, ಅನಂತರ ಅಂಕಗಳನ್ನು. ಹಾಜರಿಯ ಲೆಕ್ಕ ಕೊನೆಗೆ ಉಳಿಯುತ್ತದೆ. ಆದರೆ ಈ ಮೂರರಲ್ಲಿ ಪಾಲಕರ ಕೈಯಲ್ಲಿ ಹೆಚ್ಚಾಗಿ ಇರುವುದು ಹಾಜರಿಯೇ ಎಂಬುದನ್ನು ಭಕ್ತ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಮೊದಲು ಖರ್ಚಿನ ಮಾತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯು 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದಾದ್ಯಂತ ಶಾಲಾ ಶಿಕ್ಷಣದ ವೆಚ್ಚವನ್ನು ಅಧ್ಯಯನ ಮಾಡಿತು. ಅದರಂತೆ ಸರ್ಕಾರಿ ಶಾಲೆಯ ಒಂದು ಮಗುವಿಗೆ ಕುಟುಂಬ ವರ್ಷಕ್ಕೆ ಮಾಡುವ ಸರಾಸರಿ ವೆಚ್ಚ 2,863 ರೂಪಾಯಿ. ಇತರ ಶಾಲೆಗಳಲ್ಲಿ 25,002 ರೂಪಾಯಿ. ಇದು ಪ್ರಾಥಮಿಕದ ಜೊತೆಗೆ ಮೇಲಿನ ತರಗತಿಗಳನ್ನೂ ಒಳಗೊಂಡ ಸರಾಸರಿ. ನಗರಗಳಲ್ಲಿ ಶೇ. 30ಕ್ಕೂ ಹೆಚ್ಚು ಮಕ್ಕಳು ಟ್ಯೂಷನ್‌ಗೂ ಹೋಗುತ್ತಾರೆಂದು ಅದೇ ಸಮೀಕ್ಷೆ ಹೇಳುತ್ತದೆ. ನಮ್ಮ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು ಉಚಿತವಾಗಿ ದೊರೆಯುತ್ತಿವೆ. ಸಾಲ ಮಾಡಿ ಶುಲ್ಕ ಕಟ್ಟುವ ಮುನ್ನ ವಾಹನ, ಟ್ಯೂಷನ್, ಪುಸ್ತಕ ಎಲ್ಲವನ್ನೂ ಕೂಡಿಸಿ, ಅಷ್ಟು ವರ್ಷ ನಿಭಾಯಿಸಬಲ್ಲೆವೇ ಎಂದು ಯೋಚಿಸುವುದು ವಿವೇಕ. ನಡುವೆ ಶುಲ್ಕ ಕಟ್ಟಲಾಗದೆ ಶಾಲೆ ಬದಲಿಸಿದರೆ ನಷ್ಟವಾಗುವುದು ಮಗುವಿಗೆ.

ಎರಡನೆಯದು ಕಲಿಕೆ. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶ ಪಡೆದು ರಾಜ್ಯಕ್ಕೆ ಪ್ರಥಮವಾಯಿತು. ಇದು ಅಭಿಮಾನದ ಸಂಗತಿಯೇ. ಆದರೆ ಈ ಅಂಕಿ ಪರೀಕ್ಷೆಗೆ ಕುಳಿತವರದು. ಹತ್ತನೆಯ ತರಗತಿ ತಲುಪದೆ ನಡುವೆಯೇ ಶಾಲೆ ಬಿಟ್ಟವರು ಇದರಲ್ಲಿ ಸೇರಿಲ್ಲ. ಅಡಿಪಾಯದ ಸ್ಥಿತಿಯನ್ನು ತೋರಿಸುವುದು 'ಅಸರ್' ಸಮೀಕ್ಷೆ. ದೇಶದ ಗ್ರಾಮೀಣ ಭಾಗದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 50.5 ಇದ್ದರು; ಕೋವಿಡ್ ನಂತರ, 2022ರಲ್ಲಿ ಅದು ಶೇ. 42.8ಕ್ಕೆ ಇಳಿಯಿತು. ಅಸರ್ ಹಳ್ಳಿಗಳ ಸಮೀಕ್ಷೆಯಾದ್ದರಿಂದ ಕಾವೂರಿನಂಥ ನಗರ ಪ್ರದೇಶ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಿದ್ದರೂ ಅದರ ವಿಧಾನವನ್ನು ಯಾವ ಮನೆಯಲ್ಲೂ ಅನುಸರಿಸಬಹುದು. ಮಗುವಿನಿಂದ ಎರಡನೆಯ ತರಗತಿಯ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿರಿ; ದಶಕ ಪಡೆದು ಕಳೆಯುವ ಒಂದು ಲೆಕ್ಕ ಕೊಡಿರಿ. ತಾಯಿಗೆ ಅಕ್ಷರ ಬಾರದಿದ್ದರೂ ಮಗು ತಡವರಿಸುತ್ತಿದೆಯೇ ಎಂಬುದು ಕಿವಿಗೆ ತಿಳಿಯುತ್ತದೆ. ಮುಂದಿನ ತರಗತಿಗೆ ತೇರ್ಗಡೆಯಾದ ಮಾತ್ರಕ್ಕೆ ಕಲಿತಂತಾಗಲಿಲ್ಲ.

ಮೂರನೆಯದೇ ಹಾಜರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ವರ್ಷಕ್ಕೆ 20 ದಿನ ತಪ್ಪಿದರೆ ಐದು ವರ್ಷದಲ್ಲಿ 100 ದಿನ. ಅಂದರೆ ಐದನೆಯ ತರಗತಿ ಮುಗಿಯುವ ವೇಳೆಗೆ ಅರ್ಧ ವರ್ಷದ ಪಾಠವೇ ಇಲ್ಲವಾಗುತ್ತದೆ. ಊರಿನ ಸೆಳೆತ ನಮಗೆ ತಿಳಿಯದ್ದಲ್ಲ. ಕಾರಹುಣ್ಣಿಮೆ ಮತ್ತು ಮುಂಗಾರು ಬಿತ್ತನೆ ಬರುವುದು ಶಾಲೆ ಆರಂಭವಾಗುವ ದಿನಗಳಲ್ಲೇ. ಬಳಿಕ ನಾಗರಪಂಚಮಿ, ಜಾತ್ರೆ, ಮದುವೆ. ಎರಡು ದಿನಕ್ಕೆಂದು ಹೋದ ಪಯಣ ಹದಿನೈದು ದಿನವಾಗುವುದುಂಟು. ಆ ಹದಿನೈದು ದಿನಗಳಲ್ಲಿ ತರಗತಿ ಗುಣಾಕಾರದಿಂದ ಭಾಗಾಕಾರಕ್ಕೆ ಸಾಗಿರುತ್ತದೆ. ಮರಳಿ ಬಂದ ಮಗುವಿಗೆ ಪಾಠ ಅರ್ಥವಾಗದು. ಅರ್ಥವಾಗದ ಮಗು ಶಾಲೆಗೆ ಹೋಗಲು ಹಿಂಜರಿಯುತ್ತದೆ. ಶಾಲೆ ಬಿಡುವ ದಾರಿ ಹೀಗೆ ಆರಂಭವಾಗುತ್ತದೆ.

ಇದಕ್ಕೆ ಪರಿಹಾರ ನಮ್ಮಲ್ಲಿಯೇ ಇದೆ. ಊರಿಗೆ ಹೋಗುವುದು ಅನಿವಾರ್ಯವಾದರೆ ಹಿರಿಯರೊಬ್ಬರು ಮಗುವಿನೊಡನೆ ಉಳಿಯಲಿ, ಇಲ್ಲವೇ ನೆರೆಯ ಬಂಧುಗಳ ಮನೆಯಲ್ಲಿ ಮಗು ಇರಲಿ. ನೆರೆಯ ಮಗುವಿಗೆ ನಾಲ್ಕು ದಿನ ಊಟವಿಕ್ಕಿ ಶಾಲೆಗೆ ಕಳುಹಿಸುವುದೂ ದಾಸೋಹವೇ. ವಾಸ ಬದಲಿಸಬೇಕಾಗಿ ಬಂದ ಕುಟುಂಬಗಳು ಅಂಜಬೇಕಿಲ್ಲ: ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸಲು ಕಾಯ್ದೆ ಅವಕಾಶ ಕೊಡುವುದಿಲ್ಲ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಸಮಿತಿಯ ಅರ್ಧದಷ್ಟು ಮಹಿಳೆಯರಿರಬೇಕು. ಆ ಸಭೆಗಳಲ್ಲಿ ನಮ್ಮ ತಾಯಂದಿರು ಕುಳಿತು, ಶಿಕ್ಷಕರ ಸಂಖ್ಯೆಯನ್ನೂ ಮಕ್ಕಳ ಹಾಜರಿಯನ್ನೂ ಕೇಳಲಿ.

ಶಾಲೆ ಯಾವುದೇ ಇರಲಿ, ತಿಂಗಳಿಗೊಮ್ಮೆ ಶಿಕ್ಷಕರನ್ನು ಕಂಡು ಎರಡು ಮಾತು ಕೇಳಿರಿ: ನನ್ನ ಮಗು ಎಷ್ಟು ದಿನ ಬಂದಿದೆ? ಏನನ್ನು ಓದಬಲ್ಲದು? ಈ ಎರಡು ಉತ್ತರಗಳು ಬಲ್ಲ ಪಾಲಕರ ಮಗು ಹಿಂದುಳಿಯುವ ಮೊದಲೇ ಅದರ ಕೈ ಹಿಡಿಯಬಹುದು.